ಅಳದ ಮಗುವಿನ ವರದಿ

"ಅಳದ ಮಗು ಜಾಣ ಮಗು ಅಂತ ಬರೆದೋರು ಯಾರು?"

ಮಕ್ಕಳ ಕೇಂದ್ರಕ್ಕೆ ಹೊಸದಾಗಿ ಬಂದಿದ್ದ ಮನಶ್ಶಾಸ್ತ್ರಜ್ಞ ಬಾಗಿಲಲ್ಲೇ ನಿಂತು ಕೇಳಿದ. ಹತ್ತು ವರ್ಷದಿಂದ ಅಲ್ಲಿ ಟೀಚರ್ ಆಗಿದ್ದವಳು ತಲೆ ಎತ್ತಿದಳು. ಬಂದು ಎರಡು ದಿನವಾಗಿಲ್ಲ, ಆಗಲೇ ತಪ್ಪು ಹುಡುಕುತ್ತಿದ್ದಾನಲ್ಲ ಮಹಾರಾಯ...

"ನಾನೇ. ಏನೀಗ?"

ಅಲ್ಲಿನ ಪದ್ಧತಿ ಹೀಗೆ: ತಾಯಿ ಮೂರು ನಿಮಿಷ ಕೋಣೆಯಿಂದ ಹೊರಗೆ ಹೋಗಿ ಮತ್ತೆ ಬರಬೇಕು. ಮಗು ಏನು ಮಾಡಿತೆಂದು ಗಾಜಿನಾಚೆ ಕೂತವರು ಬರೆಯಬೇಕು. ಅಂದು ಬಂದ ಪುಟ್ಟಿ ಅಮ್ಮ ಹೋದಾಗ ಅಳಲಿಲ್ಲ, ಬಂದಾಗ ತಿರುಗಿಯೂ ನೋಡಲಿಲ್ಲ. ಆಟದ ಸಾಮಾನು ಜೋಡಿಸುತ್ತಲೇ ಇದ್ದಳು.

"ಮಕ್ಕಳು ಬೆಳೆಯೋದು ಹಂತ ಹಂತವಾಗಿ ಡಾಕ್ಟ್ರೇ. ಯಾವ ಕಾಲಕ್ಕೆ ಏನು ಬರ್ಬೇಕೋ ತಾನಾಗೇ ಬರುತ್ತೆ. ಇವಳು ಒಂದು ಹಂತ ಮುಂದಿದ್ದಾಳೆ, ಅಷ್ಟೇ."

"ಅತ್ರೂ ಯಾರೂ ಬರಲ್ಲ ಅಂತ ಕಲಿತುಬಿಟ್ಟಿದ್ದಾಳೆ ಮೇಡಂ. ಬಾಂಧವ್ಯ ಗಟ್ಟಿ ಇಲ್ದೆ ಬುದ್ಧಿ ಒಂದೇ ಬೆಳೆದ್ರೆ ಏನು ಬಂತು?"

ಅಂದಿನಿಂದ ಒಂದು ವರ್ಷ ಇಬ್ಬರದೂ ಹಾವು ಮುಂಗುಸಿ ಕಾಳಗ. ಬಹುಮಾನ ಕೊಟ್ಟು ಮಕ್ಕಳನ್ನು ತಿದ್ದಬಹುದೆನ್ನುವ ಸಿದ್ಧಾಂತವನ್ನು ಮಾತ್ರ ಇಬ್ಬರೂ ಕೂಡಿ ಬೈಯುತ್ತಿದ್ದರು. ಜಗಳವಿಲ್ಲದ ಭಾನುವಾರ ಅವಳಿಗೆ ಸಪ್ಪೆ ಎನಿಸತೊಡಗಿತು.

ಒಂದು ಶನಿವಾರ ಅವನು ಬಂದು ಎದುರಿಗೆ ಕೂತ.

"ಬೇರೆ ಊರಿನ ಕೇಂದ್ರದವ್ರು ಕರೀತಿದ್ದಾರೆ. ಸಂಜೆಯೊಳಗೆ ಹೇಳ್ಬೇಕು. ನೀವೇನಂತೀರಿ?"

"ಒಳ್ಳೇದೇ ಆಯ್ತು. ಹೋಗಿಬನ್ನಿ." ಅವಳು ಕಡತದಿಂದ ಕಣ್ಣು ತೆಗೆಯಲಿಲ್ಲ.

ಅವನ ಮುಖ ಸಣ್ಣದಾಯಿತು. ಸರಿ ಎಂದು ಎದ್ದು ಹೋದ. ನೂರಾರು ಮಕ್ಕಳ ಮನಸ್ಸು ಓದಿದವನು ಈ ಒಬ್ಬಳ ವಿಷಯದಲ್ಲಿ ಶುದ್ಧ ದಡ್ಡ.

ಅವಳು ಚಿಕ್ಕವಳಿದ್ದಾಗ ಅಮ್ಮ ಕೆಲಸಕ್ಕೆ ಹೊರಟರೂ ಅಳುತ್ತಿರಲಿಲ್ಲ. 'ನಮ್ಮ ಹುಡುಗಿ ಬಂಗಾರ, ಒಂಚೂರು ತಂಟೆ ಇಲ್ಲ' ಎನ್ನುತ್ತಿದ್ದಳು ದೊಡ್ಡಮ್ಮ. ಆ ಹೊಗಳಿಕೆಯನ್ನು ಇನ್ನೂ ಹೊತ್ತು ತಿರುಗುತ್ತಿದ್ದೇನಲ್ಲ... ಅವನು ಹೋದರೆ ತಾನೇನೂ ಸಾಯುವುದಿಲ್ಲ, ಆದರೆ ಸುಖವಾಗಿಯೂ ಇರುವುದಿಲ್ಲ. ಅಷ್ಟು ಅವಳಿಗೆ ಖಚಿತವಾಯಿತು.

ಅವನ ಕೋಣೆಗೆ ನಡೆದಳು. ಅವನು ಒಪ್ಪಿಗೆ ಪತ್ರ ಬರೆಯುತ್ತಿದ್ದ.

"ಆ ಪುಟ್ಟಿ ವಿಷಯದಲ್ಲಿ ನೀವು ಹೇಳಿದ್ದೇ ಸರಿ. ನಾನು ತಪ್ಪು ಬರೆದೆ."

"ಇದನ್ನ ಹೇಳೋಕೆ ಒಂದು ವರ್ಷ ಬೇಕಾಯ್ತಾ?"

"ಹ್ಞೂಂ. ಹೋಗ್ಬೇಡಿ. ನೀವು ಹೋದ್ರೆ ನಾನು ಅಳಲ್ಲ. ಎಲ್ರೂ ಚೆನ್ನಾಗಿದ್ದಾಳೆ ಅಂದ್ಕೋತಾರೆ. ಚೆನ್ನಾಗಿರಲ್ಲ ನಾನು."

ಅವನು ಪೆನ್ನು ಕೆಳಗಿಟ್ಟ.

"ನಾನು ನಿಮ್ಮ ಸಿದ್ಧಾಂತ ನಂಬಿ ಕೆಟ್ಟೆ. ಕಾಲ ಬಂದಾಗ ತಾನಾಗೇ ಬರುತ್ತೆ ಅಂತ ಬಾಯಿ ಮುಚ್ಕೊಂಡು ಕಾದೆ."

"ಕೇಳ್ಬಾರ್ದಿತ್ತಾ?"

"ಈಗ ಕೇಳ್ತೀನಿ. ನನ್ನ ಮದುವೆ ಆಗ್ತೀರಾ?"

ಅವಳಿಗೆ ಅಳು ಉಕ್ಕಿ ಬಂತು. ತಡೆಯಲು ಹೋಗಲಿಲ್ಲ. ಅವನು ಗಾಬರಿಯಾಗಿ ಎದ್ದ.

"ಯಾಕೆ... ಇಷ್ಟ ಇಲ್ವಾ? ನೀರು ತರ್ಲಾ?"

"ಏನೂ ಬೇಡ," ಅವನ ತೋಳು ಹಿಡಿದಳು, "ಇಲ್ಲೇ ಇರಿ."

"ಇಲ್ಲೇ ಇದ್ದೀನಿ."