ಮೂರನೇ ಬೋರ್ಡಿನ ಸುಣ್ಣದ ಸೊನ್ನೆ

ಜುಲೈ 21, ಸೋಮವಾರ, ಬೆಳಿಗ್ಗೆ 9.40. ಹೊಳೆಕಾವಲು ಕೇಂದ್ರದ ಮ್ಯಾನೇಜರ್ ನಿತೇಶ್ ಕೊಡೆ ಮಡಚುತ್ತಲೇ ಠಾಣೆಯೊಳಗೆ ಬಂದು ದೂರು ಕೊಟ್ಟ. ಕೇಂದ್ರ ಇರುವುದು ನೆಲ್ಯಹುದಿಕೇರಿಯ ಹೊರಗೆ, ಕಾವೇರಿ ದಡದಿಂದ ತುಸು ಎತ್ತರದಲ್ಲಿ. ಹೊಳೆಯಲ್ಲಿ ನೆಟ್ಟ ಅಳತೆ ಕಂಬಗಳಿಂದ ಐದು ನಿಮಿಷಕ್ಕೊಮ್ಮೆ ನೀರಿನ ಮಟ್ಟ ಅಲ್ಲಿನ ಸರ್ವರಿಗೆ ಬರುತ್ತದೆ. ಮಟ್ಟ ಗೆರೆ ದಾಟಿದರೆ ದಡದ ಮನೆಗಳ ಮೊಬೈಲುಗಳಿಗೆಲ್ಲ ಅದೇ ಕರೆ ಮಾಡುತ್ತದೆ. ಮಳೆಗಾಲ ಮುಗಿಯುವವರೆಗೆ ಆ ಯಂತ್ರವನ್ನು ಯಾರೂ ನಿಲ್ಲಿಸುವಂತಿಲ್ಲ.

"ಏನು ಕಳುವಾಗಿದೆ?" ಇನ್ಸ್‌ಪೆಕ್ಟರ್ ಉದಯ ಕೇಳಿದರು.

"ಸರ್ವರಿನ ಮೆಮೊರಿ ಬೋರ್ಡ್ ಸಾರ್. ನಾಲ್ಕರಲ್ಲಿ ಮೂರನೆಯದು."

"ಯಂತ್ರ ಎಷ್ಟು ಹೊತ್ತಿಗೆ ನಿಂತಿತು?"

"ನಿಂತೇ ಇಲ್ಲ ಸಾರ್. ಅದೇ ನನಗೂ ಅರ್ಥ ಆಗ್ತಿಲ್ಲ."

ಹೆಡ್ ಕಾನ್‌ಸ್ಟೇಬಲ್ ಸಣ್ಣಸ್ವಾಮಿ ಬರೆಯುತ್ತಿದ್ದ ಪೆನ್ನು ಎತ್ತಿದರು. "ಅಯ್ಯೋ, ಓಡೋ ಲಾರಿಯಿಂದ ಚಕ್ರ ಬಿಚ್ಕಂಡು ಹೋದಂಗಾಯ್ತಲ್ಲ ಸಾ!"

ಎಫ್‌ಐಆರ್ ದಾಖಲಾಯಿತು. ಅನಧಿಕೃತ ಪ್ರವೇಶ, ಕಳವು.

10.50ಕ್ಕೆ ಸ್ಥಳ ಪಂಚನಾಮೆ. ಹಿಂಬಾಗಿಲ ಬೀಗ ಒಡೆದಿರಲಿಲ್ಲ, ಕೀಲಿಯಿಂದಲೇ ತೆಗೆದಿದ್ದರು. ಸರ್ವರಿನ ಪಾಸ್‌ವರ್ಡನ್ನು ಚೀಟಿಯಲ್ಲಿ ಬರೆದು ಗೋಡೆಗೆ ಅಂಟಿಸಿದ್ದರು. ಇಂಥವರ ಮೇಲೆ ಬರುವಷ್ಟು ಸಿಟ್ಟು ಪೊಲೀಸರಿಗೆ ಕಳ್ಳರ ಮೇಲೂ ಬರುವುದಿಲ್ಲ. ಬೋರ್ಡ್ ಇದ್ದ ಖಾಲಿ ಗೂಡಿನ ಅಂಚಿನಲ್ಲಿ ಬಿಳಿಯದೊಂದು ಗುರುತಿತ್ತು, ಉಗುರಿನಷ್ಟಗಲದ ಸೊನ್ನೆ. ನಿತೇಶ್ ಅದನ್ನು ಧೂಳು ಅಂದ. ಉದಯ ಬೆರಳಿನಿಂದ ಉಜ್ಜಿ ಮೂಸಿದರು. ಎಲೆಯಡಿಕೆಗೆ ಹಾಕುವ ಸುಣ್ಣ.

ಕಾನ್‌ಸ್ಟೇಬಲ್ ಶ್ವೇತ ಕೆಲಸಕ್ಕೆ ಸೇರುವ ಮೊದಲು ಕಂಪ್ಯೂಟರ್ ಓದಿದವಳು. ಯಂತ್ರ ತಾನೇ ಬರೆದಿಟ್ಟುಕೊಂಡ ದಾಖಲೆಯನ್ನು ತೆರೆದು ಓದುತ್ತಾ ಹೋದವಳು ಮುಕ್ಕಾಲು ಗಂಟೆ ತಲೆ ಎತ್ತಲಿಲ್ಲ.

"ಏನಮ್ಮಾ?" ಎಂದರು ಉದಯ.

"ಸಾರ್, ಓಡೋ ಯಂತ್ರದ ಮೆಮೊರಿ ಒಳಗೆ ಕೆಲಸಗಳು ನಡೀತಾನೇ ಇರ್ತವೆ. ಸುಮ್ಮನೆ ಎಳೆದರೆ ಯಂತ್ರ ಅಲ್ಲೇ ಸಾಯುತ್ತೆ. ಎಳೆಯೋ ಮೊದಲು ಕರ್ನೆಲ್ಲನ್ನ ಕೇಳಬೇಕು."

"ಅದು ಯಾರು?"

"ಆಪರೇಟಿಂಗ್ ಸಿಸ್ಟಮ್ಮಿನ ಯಜಮಾನ ಸಾರ್. ಯಾವ ಪ್ರೋಗ್ರಾಮಿಗೆ ಎಲ್ಲಿ ಜಾಗ ಅಂತ ಹಂಚೋದು ಅದೇ. ಈ ಜಾಗ ಖಾಲಿ ಮಾಡು ಅಂದ್ರೆ, ಅಲ್ಲಿರೋದನ್ನೆಲ್ಲ ಬೇರೆ ಬೋರ್ಡಿಗೆ ಸಾಗಿಸಿ, ವಿಳಾಸ ತಿದ್ದಿ, ಆಮೇಲೆ ಬಾಗಿಲು ಹಾಕುತ್ತೆ. ಮನೆ ಬದಲಾಗಿದ್ದು ಪ್ರೋಗ್ರಾಮಿಗೆ ಗೊತ್ತೇ ಆಗಲ್ಲ."

ಭಾನುವಾರ ಮಧ್ಯಾಹ್ನ 1.12ಕ್ಕೆ, ಕಾವಲಿನವನು ಊಟಕ್ಕೆ ಹೋಗಿದ್ದಾಗ ಕೆಲಸ ಶುರುವಾಗಿತ್ತು. ಬೋರ್ಡಿನಲ್ಲಿ ಅರವತ್ತನಾಲ್ಕು ತುಂಡು ಜಾಗ. ಬಂದವನು ಒಂದೊಂದನ್ನೇ ಖಾಲಿ ಮಾಡಿಸಿದ್ದ, ಪ್ರತಿಯೊಂದೂ ಖಾಲಿಯಾಯಿತೇ ಎಂದು ಮತ್ತೆ ಕೇಳಿ ನೋಡಿದ್ದ. ನಲವತ್ತೊಂದನೆಯ ತುಂಡು ಮಾತ್ರ ಬಿಲ್‌ಕುಲ್ ಜಗ್ಗಿರಲಿಲ್ಲ. ಒಂಬತ್ತು ಸಲ ಕೇಳಿದ್ದ, ಒಂಬತ್ತು ಸಲವೂ ಕರ್ನೆಲ್ ಆಗದು ಅಂದಿತ್ತು.

"ಹೊಳೆಯ ಅಳತೆ ತಗೊಳ್ಳೋ ಪ್ರೋಗ್ರಾಮೇ ಆ ಜಾಗ ಹಿಡ್ಕೊಂಡು ಕೂತಿತ್ತು ಸಾರ್. ಅದನ್ನ ನಿಲ್ಲಿಸದೆ ಜಾಗ ಬಿಡಲ್ಲ. ನಿಲ್ಲಿಸಿದರೆ ಅಳತೆ ತಪ್ಪುತ್ತೆ. ಇವನು ಏನು ಮಾಡಿದ್ದಾನೆ ನೋಡಿ. 1.45ರ ಅಳತೆ ಬರೋವರೆಗೆ ಕಾದಿದ್ದಾನೆ. ಬಂದ ಮೇಲೆ ಪ್ರೋಗ್ರಾಮ್ ನಿಲ್ಲಿಸಿ, ಜಾಗ ಖಾಲಿ ಮಾಡಿಸಿ, ಹನ್ನೊಂದು ಸೆಕೆಂಡಿನಲ್ಲಿ ಮತ್ತೆ ಶುರು ಮಾಡಿದ್ದಾನೆ. 1.50ರ ಅಳತೆ ಕರೆಕ್ಟಾಗಿ ಬಂದಿದೆ. 1.54ಕ್ಕೆ ಬೋರ್ಡಿನ ಕರೆಂಟ್ ಕಡಿದು ಎಳೆದುಕೊಂಡಿದ್ದಾನೆ." ಶ್ವೇತ ತಡೆಯಲಾರದೆ ಅಂದೇಬಿಟ್ಟಳು, "ಕೈ ಮುಗೀಬೇಕು ಸಾರ್ ಇವನಿಗೆ!"

"ಮೊದಲು ಹಿಡಿಯೋಣ, ಆಮೇಲೆ ಕೈ ಮುಗಿ," ಎಂದರು ಉದಯ. ಅವರಿಗೂ ಒಳಗೊಳಗೆ ಭಲೇ ಅನ್ನಿಸಿತ್ತು. ಇಪ್ಪತ್ತೆರಡು ವರ್ಷದ ಸರ್ವಿಸಿನಲ್ಲಿ ಇಷ್ಟು ಜತನದ ಕಳ್ಳನನ್ನು ಅವರು ಕಂಡಿರಲಿಲ್ಲ. ಸ್ವಿಚ್ ಆರಿಸಿದ್ದರೆ ಒಂದು ನಿಮಿಷದ ಕೆಲಸ. ಯಾರಾದರೂ ಬಂದಾರು ಎಂಬ ಭಯದಲ್ಲೂ ನಲವತ್ತೆರಡು ನಿಮಿಷ ನಿಂತಿದ್ದಾನೆ. ಈ ಯಂತ್ರ ನಿಂತರೆ ಮುಳುಗುವವರು ಅವನಿಗೆ ಬೇಕಾದ ಜನ ಇರಬೇಕು.

ದಡದಲ್ಲಿ ತೀರ ತಗ್ಗಿನಲ್ಲಿರುವುದು ಎಸ್ಟೇಟಿನ ಕಾರ್ಮಿಕರ ಲೈನು, ಉದ್ದಕ್ಕೂ ಮೂವತ್ತೊಂದು ಕೋಣೆ. ಸೋಮವಾರ ಮಧ್ಯಾಹ್ನ 1.40ಕ್ಕೆ ಜೀಪು ಅಲ್ಲಿ ನಿಂತಿತು. ರಿಪೇರಿಗೆ ಬಿಟ್ಟಿದ್ದ ಎರಡು ಕೋಣೆಗಳ ಬಾಗಿಲ ಮೇಲೆ ಸುಣ್ಣದ ಸೊನ್ನೆ ಇತ್ತು. ಉದಯ ಅದನ್ನೇ ನೋಡುತ್ತಾ ನಿಂತರು.

ಹದಿನೇಳನೇ ಕೋಣೆಯ ಜಗಲಿಯಲ್ಲಿ ಮಾರಿ ಎಂಬ ಮುದುಕಿ ಕೂತಿದ್ದಳು.

"ಇದೇನಜ್ಜೀ ಗುರುತು?"

"ಒಳಗೆ ಯಾರೂ ಇಲ್ಲ ಅಂತ ಸಾಮಿ. ಮತ್ತೆ ಯಾರೂ ಹೊಕ್ಕಬಾರದು ಅಂತ. ರೈಟರ್ ಅಪ್ಪಯ್ಯ ಹಾಕೋದು."

"ಬೇರೆ ಯಾರಾದರೂ ಹಾಕ್ತಾರಾ?"

"ಯಾರೂ ಹಾಕಲ್ಲ. ಅವರೂ ಒಳಗೆ ಹೋಗಿ ಮೂಲೆ ಮೂಲೆ ನೋಡದೆ ಹಾಕಲ್ಲ."

ಅಪ್ಪಯ್ಯನಿಗೆ ಐವತ್ತಾರು. ಮೊದಲು ಈ ಎಸ್ಟೇಟಿನಲ್ಲಿ ಆಳುಗಳ ಲೆಕ್ಕ ಬರೆಯುವ ರೈಟರ್, ಆಮೇಲೆ ಐದು ವರ್ಷ ಹೊಳೆಕಾವಲು ಕೇಂದ್ರದ ಆಪರೇಟರ್. ಜೂನ್ ಮೂವತ್ತಕ್ಕೆ ನಿತೇಶ್ ಅವನನ್ನು ಬಿಡಿಸಿದ್ದ. ಕೀಲಿ ವಾಪಸ್ ಕೇಳುವುದನ್ನು ಮರೆತಿದ್ದ. ಲೈನಿನ ತುದಿಯ ಮನೆಯಲ್ಲಿ ಅಪ್ಪಯ್ಯ ಎಲೆಗೆ ಸುಣ್ಣ ಸವರುತ್ತಾ ಕೂತಿದ್ದವನು, ಖಾಕಿ ಕಂಡು ಎದ್ದು ಒಳಗೆ ಹೋದ. ಕಾಫಿ ಸ್ಯಾಂಪಲ್ಲಿನ ಬಟ್ಟೆ ಚೀಲ ತಂದು ಮೇಜಿನ ಮೇಲಿಟ್ಟ.

"ಇದೇ ಸಾರ್."

"ಯಾಕೆ ತೆಗೆದಿರಿ?"

"ಕೆಟ್ಟಿತ್ತು. ಮೇ ತಿಂಗಳಿಂದ ತಪ್ಪು ತೋರಿಸ್ತಿತ್ತು. ಅನುಮಾನ ಬಂದೇ, ಮಳೆಗೆ ಮೊದಲು ಯಂತ್ರ ಶುರು ಮಾಡುವಾಗ, ಕರ್ನೆಲ್ ತನ್ನ ಸ್ವಂತ ಸಾಮಾನು ಆ ಬೋರ್ಡಲ್ಲಿ ಇಡದ ಹಾಗೆ ಮಾಡಿದ್ದೆ. ಅದು ಅಲ್ಲಿ ಬೇರು ಬಿಟ್ಟರೆ ಆಮೇಲೆ ಏಳಲ್ಲ."

"ಮ್ಯಾನೇಜರಿಗೆ ಹೇಳಲಿಲ್ಲವೇ?"

"ಮೂರು ಅರ್ಜಿ ಕೊಟ್ಟೆ. ಮಳೆ ಮುಗೀಲಿ ಅಂದರು. ಕೆಲಸ ಬಿಡಿಸಿದ ಮೇಲೂ ಯಂತ್ರದ ವರದಿ ದಿನಾ ನನ್ನ ಮೊಬೈಲಿಗೆ ಬರ್ತಿತ್ತು. ಶನಿವಾರ ನೋಡಿ ಹೆದರಿ ಫೋನ್ ಮಾಡಿದೆ. ಅವರು ಎತ್ತಲಿಲ್ಲ."

"ತೆಗೆದು ಅಲ್ಲೇ ಇಡಬಹುದಿತ್ತು. ಮನೆಗೇಕೆ ತಂದಿರಿ?"

"ಕಣ್ಣಿಗೆ ಬಿದ್ದರೆ ನಿತೇಶ್ ಸಾರ್ ವಾಪಸ್ ಸಿಕ್ಕಿಸ್ತಾರೆ."

ಸಣ್ಣಸ್ವಾಮಿಗೆ ನಗು ಬಂತು, ಕೆಮ್ಮಿ ಮರೆಸಿದರು. ಉದಯ ಕೇಂದ್ರದಲ್ಲಿದ್ದ ಶ್ವೇತಳಿಗೆ ಫೋನ್ ಮಾಡಿದರು. ಅವಳು ನೋಡಿ ಹೇಳಿದಳು: ಮೇ ತಿಂಗಳಲ್ಲಿ ದಿನಕ್ಕೆ ಎರಡೋ ಮೂರೋ ತಪ್ಪು, ಶನಿವಾರ ಗಂಟೆಗೆ ನಾನೂರು. ಇವತ್ತಿನವರೆಗೆ ಬೋರ್ಡ್ ಅಲ್ಲೇ ಇದ್ದಿದ್ದರೆ ಯಂತ್ರ ನಿಲ್ಲುತ್ತಿತ್ತು. ಅರ್ಜಿಗಳೂ ನಿತೇಶನ ಡ್ರಾಯರಿನಲ್ಲಿ ಸಿಕ್ಕವು.

ಆದರೂ ಕಳವು ಕಳವೇ. 2.35ಕ್ಕೆ ಬೋರ್ಡ್ ಜಪ್ತಿ ಮಾಡಿ, ಅಪ್ಪಯ್ಯನನ್ನು ದಸ್ತಗಿರಿ ಮಾಡಲಾಯಿತು.

2.55. ಜೀಪು ಹತ್ತುವಷ್ಟರಲ್ಲಿ ಅಪ್ಪಯ್ಯನ ಮೊಬೈಲು ಬಡಿದುಕೊಂಡಿತು. ಮರುಕ್ಷಣ ಲೈನಿನ ಉದ್ದಕ್ಕೂ ಕೋಣೆ ಕೋಣೆಯಲ್ಲೂ ಮೊಬೈಲುಗಳು ಕೂಗಿದವು. ಹೊಳೆ ಗೆರೆ ದಾಟಿದೆ, ಒಂದೂವರೆ ಗಂಟೆಯಲ್ಲಿ ಲೈನಿಗೆ ನೀರು.

ಅಪ್ಪಯ್ಯ ಮೆಟ್ಟಿಲಿನಿಂದ ಕಾಲು ತೆಗೆದ. "ಸಾರ್, ನಾನು ಆರೋಪಿ ಅಂತ ಗೊತ್ತು. ಒಂದು ಗಂಟೆ ಕೊಡಿ."

ಕಾಯಿದೆ ಪುಸ್ತಕದಲ್ಲಿ ಇದಕ್ಕೆ ಉತ್ತರವಿಲ್ಲ. ಉದಯ ಹೊಳೆಯ ಕಡೆ ನೋಡಿದರು. "ಸಣ್ಣಸ್ವಾಮಿ, ಇವರ ಜೊತೆ ಹೋಗಿ. ಏನು ಹೇಳ್ತಾರೋ ಅದನ್ನ ಮಾಡಿ."

ಅಪ್ಪಯ್ಯ ಒಂದನೇ ಕೋಣೆಯಿಂದ ಶುರು ಮಾಡಿದ. ಗಲಾಟೆಯಿಲ್ಲ, ಕೂಗಾಟವಿಲ್ಲ. ಈ ಮನೆಯವರು ಮೇಲಿನ ಗೋಡೌನಿಗೆ, ಆ ಮನೆಯವರು ಕಾಫಿ ಹಣ್ಣಿನ ಸಿಪ್ಪೆ ಬಿಡಿಸುವ ಪಲ್ಪರ್ ಶೆಡ್ಡಿಗೆ. ಮಂದಿ ಹೊರಟ ಮೇಲೆ ತಾನೇ ಒಳಗೆ ಹೊಕ್ಕು, ಮಂಚದಡಿ ಬಗ್ಗಿ ನೋಡಿ, ಬಾಗಿಲೆಳೆದು, ಡಬ್ಬಿಯ ಸುಣ್ಣದಿಂದ ಸೊನ್ನೆ. ಹದಿನೇಳನೆಯದರಲ್ಲಿ ಮಾರಿ ಏಳಲಿಲ್ಲ. ಕೋಳಿ ಕಾವಿಗೆ ಕೂತಿದೆ, ಎಬ್ಬಿಸಿದರೆ ಮರಿಯಾಗಲ್ಲ ಎಂದು ಹಟ ಹಿಡಿದಳು.

"ಹೊತ್ಕಂಡು ಹೋಗನಾ ಅಜ್ಜೀನ?" ಸಣ್ಣಸ್ವಾಮಿ ಗೊಣಗಿದರು.

"ಬೇಡ ಸಾರ್." ಅಪ್ಪಯ್ಯ ಆ ಕೋಣೆ ಬಿಟ್ಟು ಉಳಿದವನ್ನೆಲ್ಲ ಮುಗಿಸಿ ಬಂದ. ಬುಟ್ಟಿಯ ಮುಂದೆ ಕುಕ್ಕರಗಾಲಿನಲ್ಲಿ ಕೂತ. ಕೋಳಿ ಕಾಳು ತಿನ್ನಲು ಎದ್ದ ಒಂದು ಗಳಿಗೆ ಮೊಟ್ಟೆಗಳನ್ನು ಒಣ ಹುಲ್ಲಿನ ಸಮೇತ ಇನ್ನೊಂದು ಬುಟ್ಟಿಗೆ ದಾಟಿಸಿದ. ಕೋಳಿ ತಿರುಗಿ ಬಂದು, ಹೊಸ ಬುಟ್ಟಿಯಲ್ಲೇ ಕೂತಿತು. ಸಣ್ಣಸ್ವಾಮಿ ಬುಟ್ಟಿ ಎತ್ತಿಕೊಂಡರು, ಮಾರಿ ಎದ್ದು ಅದರ ಹಿಂದೆ ನಡೆದಳು.

4.05ಕ್ಕೆ ಹದಿನೇಳನೇ ಬಾಗಿಲಿಗೆ ಕೊನೆಯ ಸೊನ್ನೆ ಬಿತ್ತು. ಅಪ್ಪಯ್ಯ ಬೆರಳು ಪಂಚೆಗೆ ಒರೆಸಿಕೊಂಡು, ಜೀಪಿನ ಹತ್ತಿರ ಬಂದು ಎರಡೂ ಕೈ ಮುಂದೆ ಚಾಚಿದ.

"ಖಾಲಿ ಆಯ್ತು ಸಾರ್."

"ಕೈ ಇಳಿಸಿ. ಮುಂದಿನ ಸೀಟಲ್ಲಿ ಕೂತ್ಕೊಳ್ಳಿ," ಎಂದರು ಉದಯ.

4.30ಕ್ಕೆ ನೀರು ಲೈನಿನ ಹೊಸ್ತಿಲು ಹತ್ತಿತು.

ಸಂಜೆ ಆರಕ್ಕೆ ಠಾಣೆಯಲ್ಲಿ ಹೇಳಿಕೆ ಬರೆದುಕೊಂಡರು. ಯಾಕಿಷ್ಟು ಹಟ ಎಂದು ಉದಯ ಅಪ್ಪಯ್ಯನನ್ನು ಕೇಳಿದರು. "ಆರು ವರ್ಷದ ಹಿಂದೆ ನೀರು ಬಂದಾಗ ರೈಟರ್ ನಾನೇ ಸಾರ್. ಲೈನು ಪೂರ್ತಿ ಖಾಲಿ ಅಂತ ಕೂಗಿ ಹೇಳಿದೆ. ಹದಿನೇಳನೇ ಕೋಣೆ ನೋಡಿರಲಿಲ್ಲ. ಮಾರಿಯ ಗಂಡ ಬೀರ ಜ್ವರ ಬಂದು ಒಳಗೆ ಮಲಗಿದ್ದ."

ಉದಯ ಬರೆದು ಮುಗಿಸಿ, ಓದಿ ಹೇಳಿ, ಸಹಿಗೆ ಕಾಗದ ತಿರುಗಿಸಿದರು. ಅಪ್ಪಯ್ಯ ಪೆನ್ನು ಮುಟ್ಟಲಿಲ್ಲ.

"ಒಂದು ಬಿಟ್ಟಿದೆ ಸಾರ್. ಇವತ್ತು ನೀರು ಬಂದಾಗ ಹದಿನೇಳನೇ ಕೋಣೇಲಿ ಯಾರೂ ಇರಲಿಲ್ಲ ಅಂತ ಬರೀರಿ."

ಪ್ರಕರಣಕ್ಕೂ ಆ ಮಾತಿಗೂ ಸಂಬಂಧವಿರಲಿಲ್ಲ. ಉದಯ ಬರೆದರು.