ಜಗ್ಗಿದರೆ ಬಿಡುವ ಜಾಯಿಂಟು

ಕೇಬಲ್ಲಿನ ಕರಿ ಸಿಪ್ಪೆ ಸುಲಿದು, ಒಳಗಿನ ಜಾಳಿಗೆಯ ಎಳೆಗಳನ್ನು ನಡುವಿನ ತಂತಿಗೆ ತಾಗಿ ಚಿತ್ರ ಕೆಡದಂತೆ ಹಿಂದಕ್ಕೆ ಮಡಚುವಾಗ ಶಾಂಭವಿಯ ಕಿರುಬೆರಳು ಎಂದಿನಂತೆ ಅಡ್ಡ ಬಂತು. ಅದು ಈಗ ಬಾಗುವುದಿಲ್ಲ. ಹೋದ ಶ್ರಾವಣದಲ್ಲಿ, ಊರಿಗೆ ಕೇಬಲ್ ಟಿವಿಯ ಲೈನ್ ಎಳೆಯುವ ಗಂಡ ಹುಚ್ಚಪ್ಪ ಅದನ್ನು ಕನೆಕ್ಟರ್ ಒತ್ತುವ ಇಕ್ಕಳದ ಬಾಯಿಗಿಟ್ಟು, ಎಲುಬಿನ ಸದ್ದು ಬರುವ ತನಕ ಒತ್ತಿದ್ದ. ಆದದ್ದಿಷ್ಟೇ: ಗಜೇಂದ್ರಗಡದ ಅವರ ಓಣಿಯ ಜನ, "ಟಿವಿ ಚಲೋ ಬರಬೇಕಂದ್ರ ನಿನ್ನ ಹೇಣ್ತೀನ್ನ ಕಳಸಪಾ" ಎಂದು ಅವನನ್ನು ನಗೆಯಾಡಿದ್ದರು.

"ಇನ್ನ ಮಾಳಗಿ ಹತ್ತಿದಿ ಅಂದ್ರ ಉಳದ ಬಳ್ಳೂ ಹೊಕ್ಕಾವು" ಎಂದು ಹುಚ್ಚಪ್ಪ ಅವಳ ಉಳಿದ ಬೆರಳುಗಳನ್ನು ತೋರಿಸಿ ಹೇಳಿದ್ದ.

ಬೆರಳಿನ ಸಿಟ್ಟನ್ನು ಅವಳು ನುಂಗಿಕೊಂಡಿದ್ದಳು. ಆದರೆ ಹೋದ ವಾರ ಅವನು ಅದೇ ಇಕ್ಕಳದ ನಡುವೆ ಮಗಳು ಬನಶ್ರೀಯ ಬೆರಳಿಟ್ಟು, ಒತ್ತದೆ, ಹುಡುಗಿಯ ಮುಖ ನೋಡಿ ನಕ್ಕ. ಅವತ್ತು ರೊಟ್ಟಿ ಬಡಿಯುತ್ತ ಬಡಿಯುತ್ತಲೇ ಶಾಂಭವಿ ಅವನನ್ನು ಕೊಲ್ಲಬೇಕೆಂದುಕೊಂಡಳು. ರೊಟ್ಟಿ ಸೀಯಲಿಲ್ಲ.

ಅವನ ಕೆಲಸದ ರೀತಿ ಅವಳಿಗೆ ಬಾಯಿಪಾಠ. ಜೋಲುಬಿದ್ದ ಲೈನನ್ನು ಬಿಗಿ ಮಾಡಲು ಅವನು ಸೀರೆ ನೇಯುವ ಶೇಖವ್ವನ ಮಾಳಿಗೆ ಹತ್ತಿ, ಹಿಂದಿನ ತುದಿಯಲ್ಲಿ ನಿಂತು, ಕೇಬಲ್ಲನ್ನು ಮುಂಗೈಗೆ ಸುತ್ತಿಕೊಂಡು, ಮೈಭಾರವೆಲ್ಲ ಹಿಂದಕ್ಕೆ ಬಿಟ್ಟು ಜಗ್ಗುತ್ತಿದ್ದ. ಆ ತುದಿಗೆ ತಡೆಗೋಡೆಯಿಲ್ಲ. ಕೆಳಗೆ ಹಿತ್ತಿಲಲ್ಲಿ ಕಟ್ಟಡದ ಕಲ್ಲು ಒಟ್ಟಿದೆ. ಮಾಳಿಗೆಯ ನಡುವಿನ ಜಾಯಿಂಟು ಬಿಟ್ಟುಕೊಂಡರೆ ಸಾಕು.

ಯಾವ ಕನೆಕ್ಟರ್ ಹಾಕಬೇಕೆಂಬುದನ್ನು ಅವಳು ಮದುವೆಯ ಸೀರೆ ಆರಿಸುವಷ್ಟು ಸಾವಧಾನದಿಂದ ಯೋಚಿಸಿದಳು. ತಿರುಪಿ ಕೂರಿಸುವ ಬಗೆಯನ್ನು ಹುಚ್ಚಪ್ಪ ಬಳಸುವುದೇ ಇಲ್ಲ. ಬೇರೆ ಕೈ ಎಂದು ಗೊತ್ತಾಗುತ್ತದೆ. ರೋಣದ ಅಂಗಡಿಯ ಸಾಜೀದ ತೋರಿಸಿದ ಹೊಸ ಕಂಪ್ರೆಷನ್ ಬಗೆಯಂತೂ ಆಳು ಜೋತುಬಿದ್ದರೂ ಕಳಚುವುದಿಲ್ಲ.

"ವೈನಿ, ಇದು ಒಮ್ಮಿ ಹಿಡೀತಂದ್ರ ಸಾಯೂತನಕ ಬಿಡೂದಿಲ್ರಿ" ಎಂದಿದ್ದ ಅವನು.

"ಅಂಥದ್ದೊಂದು ಮನ್ಯಾಗ ಐತಪಾ" ಎಂದು ಅವಳೂ ನಕ್ಕಿದ್ದಳು.

ಕೊನೆಗೆ ಉಳಿದದ್ದು ಉಂಗುರ ಒತ್ತುವ ಹಳೆಯ ಬಗೆ, ಹುಚ್ಚಪ್ಪನದೇ ಬಗೆ. ಅವನು ಅದನ್ನು ಸರಿಯಾಗಿ ಒತ್ತುವುದಿಲ್ಲವೆಂದು ಊರಿಗೇ ಗೊತ್ತು. ಕಿಟಕಿಯ ಸರಳಿಗೆ ತುಂಡು ಕೇಬಲ್ ಕಟ್ಟಿ ಜಗ್ಗಿ ಜಗ್ಗಿ ನೋಡಿದಳು. ಉಂಗುರವನ್ನು ಎಷ್ಟು ಒತ್ತಿದರೆ ಲೈನಿನ ಭಾರ ತಡೆದು ಮನುಷ್ಯನ ಭಾರಕ್ಕೆ ಬಿಡುತ್ತದೆಂಬುದು ಕೈಗೆ ತಿಳಿಯಿತು.

ಮರುದಿನ ಲೈನ್ ಬಿಗಿ ಮಾಡುವುದಿದೆ ಎಂದು ಹುಚ್ಚಪ್ಪನೇ ಹೇಳಿದ. ಆ ಮಧ್ಯಾಹ್ನ ಅವನು ಊಟ ಮಾಡಿ ಮಲಗಿದಾಗ ಅವಳು ಅವನ ಇಕ್ಕಳ ತೆಗೆದುಕೊಂಡು ಶೇಖವ್ವನ ಹಿತ್ತಿಲ ಮೆಟ್ಟಿಲು ಹತ್ತಿದಳು. ಕೆಳಗೆ ಮಗ್ಗದ ಸದ್ದಿಗೆ ಹೆಜ್ಜೆಯ ಸದ್ದು ಕೇಳಲಿಲ್ಲ. ಹಳೆಯ ಜಾಯಿಂಟು ಕತ್ತರಿಸಿ, ಹೊಸದನ್ನು ಕೂರಿಸಿ, ಉಂಗುರವನ್ನು ಹುಚ್ಚಪ್ಪನ ಹಾಗೆ ಸೊಟ್ಟಗೆ ಒತ್ತಿ, ಹೊಸದೆಂದು ಕಾಣದಂತೆ ಮಣ್ಣು ಸವರಿ ಇಳಿದಳು. ಮಗಳನ್ನು ಕರೆದುಕೊಂಡು ನರೇಗಲ್ಲಿನ ತಂಗಿಯ ಮನೆಗೆ ಬಸ್ಸು ಹತ್ತಿದಳು.

ಮರುದಿನ ಫೋನು ಬಂತು. ಮಗಳು, ತಂಗಿಯ ಜೊತೆ ಬಂದು ನೋಡಿದರೆ ಹುಚ್ಚಪ್ಪ ಕಲ್ಲುಗಳ ಮೇಲೆ ಅಂಗಾತ ಬಿದ್ದಿದ್ದ. ಹಿಂದಲೆ ಒಡೆದು, ಕಲ್ಲಿನ ಸಂದಿಯೊಳಗೆ ರಕ್ತ ಇಳಿದು ಕಪ್ಪಾಗಿತ್ತು. ಮುಂಗೈಗೆ ಸುತ್ತಿದ ಕೇಬಲ್ ಚರ್ಮ ಕೊಯ್ದು ಒಳಗಿಳಿದಿತ್ತು. ಶಾಂಭವಿ ಅತ್ತಳು. ಅಳು ಸುಳ್ಳೇನೂ ಆಗಿರಲಿಲ್ಲ. ಇಷ್ಟು ವರ್ಷ ತಡೆದದ್ದೆಲ್ಲ ಬಂತು.

ಪೊಲೀಸ್ ಫೌಜದಾರ ಕಳಚಿದ ಕನೆಕ್ಟರನ್ನು ತಿರುಗಿಸಿ ನೋಡಿದ. ಹುಚ್ಚಪ್ಪನ ಜೊತೆ ಲೈನ್ ಎಳೆಯುತ್ತಿದ್ದ ಸುಭಾನಸಾಬ ತಲೆ ಅಲ್ಲಾಡಿಸಿದ. "ಅವನ ಕೈನ ರೀ ಸಾಹೇಬ್ರ. ಹಿಂಗ ಅರ್ಧಮರ್ಧ ಒತ್ತಿ ಬಿಡ್ತಿದ್ದ. ನಾನೂ ಭಾಳ ಸರ್ತಿ ಹೇಳೇನಿ."

"ನೀವೂ ಈ ಕೆಲಸ ಮಾಡ್ತೀರಂತಲ್ಲವಾ?" ಫೌಜದಾರ ಶಾಂಭವಿಯತ್ತ ತಿರುಗಿದ.

"ಮನ್ಯಾಗ ಕುಂತು ಮಾಡ್ತೀನ್ರಿ. ಬಳ್ಳ ಮುರದ ಮ್ಯಾಲೆ ನಾ ಯಾರ ಮಾಳಗೀನೂ ಹತ್ತಿಲ್ರಿ." ಸೊಟ್ಟ ಬೆರಳು ತೋರಿಸಿದಳು. ಫೌಜದಾರ ಕನೆಕ್ಟರನ್ನು ಕಲ್ಲಿನ ಮೇಲಿಟ್ಟು, ಪೆನ್ನು ಮುಚ್ಚಿದ.

ಶೇಖವ್ವ ಅವಳನ್ನು ತಬ್ಬಿಕೊಂಡು, ಸೆರಗಿನಿಂದ ಮೂಗು ಒರೆಸುತ್ತ ಸಮಾಧಾನದ ಮಾತಾಡಿದಳು. "ಮಾಳಗಿ ಹತ್ತಿಲ್ಲಂತ ಅದ್ಯಾಕ ಅಂತೀಯವಾ, ಅವನ ಅಂಜಿಕಿ ಇನ್ನೆಲ್ಲೈತಿ? ಸಾಹೇಬ್ರ, ಈಕಿ ಕೈ ಅಂದ್ರ ಕೈ. ಆತ ಮುಟ್ಟಿದ್ರ ಟಿವ್ಯಾಗ ಮುಖ ಚೂರ ಚೂರ, ಮಾತು ತುಂಡ ತುಂಡ. ನಿನ್ನಿ ಮಧ್ಯಾಹ್ನದಿಂದ ಕನ್ನಡಿ ಆದಂಗ ಆಗಿತ್ರಿ. ಶಾಂಭವಿ ನಮ್ಮ ಮಾಳಗಿ ಹತ್ತ್ಯಾಳ ಅಂತ ಓಣಿಯಾಗಿನ ಹೆಣಮಕ್ಕಳೆಲ್ಲಾ ಅಂದ್ವಿ." ಶಾಂಭವಿ ಕಲ್ಲಿನ ಮೇಲಿನ ಕನೆಕ್ಟರ್ ನೋಡಿದಳು. ಉಂಗುರವನ್ನಷ್ಟೇ ಅವಳು ಅವನ ಹಾಗೆ ಒತ್ತಿದ್ದಳು. ಒಳಗಿನ ತಂತಿಯನ್ನು ಅಳತೆಗೆ ಕತ್ತರಿಸಿ, ಜಾಳಿಗೆಯ ಒಂದೆಳೆಯೂ ಅದಕ್ಕೆ ತಾಗದಂತೆ ಮಡಚಿದ್ದು ಅವಳ ಕೈ, ಅವಳನ್ನು ಕೇಳದೆ. ಫೌಜದಾರ ಮತ್ತೆ ಪೆನ್ನು ತೆರೆದ. ಅವಳು ಬನಶ್ರೀಯ ಕೈಯನ್ನು ತನ್ನ ಕೈಯಿಂದ ಬಿಡಿಸಿ, ತಂಗಿಯ ಕೈಗಿಟ್ಟಳು.