ಇಪ್ಪತ್ತೆರಡನೆಯ ಚಿತ್ರ

ಆ ದಿನ ಬೆಳಿಗ್ಗೆ ಕೊಡಿಗೇಹಳ್ಳಿಯ ಮೇಲೆ ಮಂಜು ಇಳಿದಿತ್ತು. ರೈಲ್ವೆ ಗೇಟಿನ ಆಚೆಯ ಅರಳಿಕಟ್ಟೆ ಕಾಣುತ್ತಿರಲಿಲ್ಲ. ಅಲ್ಲಿನ ಗಂಟೆಯ ಸದ್ದು ಮಾತ್ರ ನಡೆದುಕೊಂಡು ಬಂದಂತೆ ಬರುತ್ತಿತ್ತು. ಚನ್ನಕೇಶವ ತನ್ನ ಡಿಟಿಪಿ ಅಂಗಡಿಯ ಷಟರ್ ಎತ್ತಿ, ಎರಡು ಕಂಪ್ಯೂಟರ್‌ಗಳಿಗೂ ಊದುಬತ್ತಿ ಬೆಳಗಿ ತಿರುಗಿದರೆ, ಬಾಗಿಲಲ್ಲಿ ಸರಳಾ ನಿಂತಿದ್ದಳು.

ಅವಳ ತಾಯಿ ಮುನಿಯಲ್ಲಮ್ಮ ತೀರಿಕೊಂಡು ಹದಿನೈದು ದಿನವಾಗಿತ್ತು. ಹನ್ನೊಂದನೆಯ ದಿನ ಅವನು ಹೋಗಿ, ದೂರದಲ್ಲೇ ಕೈ ಮುಗಿದು ಬಂದಿದ್ದ.

"ಬನ್ನಿ ಮೇಡಂ, ಕೂತ್ಕೊಳ್ಳಿ."

ಎಂಟು ತಿಂಗಳ ಹಿಂದೆ ಅವಳು ಮೊದಲು ಬಂದಾಗಲೂ ಇದೇ ಸ್ಟೂಲಿನ ಮೇಲೆ ಕೂತಿದ್ದಳು. ಯಲಹಂಕದ ಶಾಲೆಯೊಂದರ ಲೈಬ್ರರಿಯಲ್ಲಿ ಅವಳಿಗೆ ಕೆಲಸ. ಲಕ್ವ ಹೊಡೆದು ಮಲಗಿದ್ದ ತಾಯಿಗೆ ಊರು ತೋರಿಸಬೇಕೆಂದು ಬಾವಿ, ಕೆರೆ, ನೆಂಟರ ಮನೆಗಳ ಫೋಟೋ ತೆಗೆದು, ಶಾಲೆಯ ಆಪಲ್ ಕಂಪ್ಯೂಟರಿನಲ್ಲಿ ಸ್ಲೈಡ್ ಶೋ ಮಾಡಿದ್ದಳು. ಮನೆಯ ವಿಂಡೋಸ್ ಕಂಪ್ಯೂಟರಿನಲ್ಲಿ ಹಾಕಿದರೆ ಚಿತ್ರಗಳ ಜಾಗದಲ್ಲೆಲ್ಲ ಬಿಳಿ ಚೌಕ, ಅದರೊಳಗೆ ಒಂದು ಸಾಲು ಇಂಗ್ಲಿಷ್. ಅವಳು ಕೆಳಗೆ ಬರೆದ ಹೆಸರುಗಳಷ್ಟೇ ಉಳಿದಿದ್ದವು.

"ಏನ್ರೀ ಇದು, ನಮ್ಮೂರನ್ನೇ ನುಂಗ್‌ಬಿಟ್ಟಿದೆ?" ಎಂದು ಕೇಳಿದ್ದಳು.

"ನುಂಗಿಲ್ಲ ಮೇಡಂ. ಆ ಕಂಪ್ಯೂಟರ್ ಹೇಳಿದ್ದು ಈ ಕಂಪ್ಯೂಟರ್‌ಗೆ ಅರ್ಥ ಆಗಲ್ಲ. ಮಧ್ಯೆ ಒಬ್ರು ಬೇಕು."

"ನೀವಿದ್ದೀರಲ್ಲ," ಎಂದು ಅವಳು ಕಣ್ಣೆತ್ತಿದಳು. ನಗು ತುಟಿಗೆ ಬರುವ ಮೊದಲೇ ಕಣ್ಣಿಗೆ ಬಂದಿತ್ತು.

ಅವನ ಹತ್ತಿರ ಎರಡೂ ಬಗೆಯ ಕಂಪ್ಯೂಟರ್ ಇದ್ದವು. ಸರಿಮಾಡಿ, ಹಳದಿ ದಾರ ಕಟ್ಟಿದ ತನ್ನದೇ ಪೆನ್‌ಡ್ರೈವಿಗೆ ಹಾಕಿ, "ಇದನ್ನೇ ಇಟ್ಕೊಂಡಿರಿ, ಆಮೇಲೆ ಕೊಟ್ರಾಯ್ತು," ಎಂದಿದ್ದ.

ಆಮೇಲೆ ಪ್ರತಿ ಶನಿವಾರ ಹೊಸ ಚಿತ್ರಗಳನ್ನು ಸರಿಮಾಡಿಸಲು ಅವಳು ಬಂದಳು. ಸರಿಮಾಡುವಾಗ ಅವನು ಪರದೆಯನ್ನು ತುಸು ತನ್ನ ಕಡೆಗೇ ತಿರುಗಿಸಿಕೊಳ್ಳುತ್ತಿದ್ದ.

"ನಮ್ಮಮ್ಮ ಏನಂತಾಳೆ ಗೊತ್ತಾ?" ಒಂದು ಸಲ ಅವಳೇ ಹೇಳಿದ್ದಳು. "ಕಂಪೂಟರ್ ಅಂಗ್ಡಿಗೆ ಓಗಕ್ಕೆ ಒಸ ಸೀರೆ ಯಾಕೆ ಅಂತ."

"ನೀವೇನಂದ್ರಿ?"

"ಹಳೇದು ಒಗೆಯೋಕೆ ಹಾಕಿದೀನಿ ಅಂದೆ," ಎಂದು ದಾರವನ್ನು ಬೆರಳಿಗೆ ಸುತ್ತಿಕೊಂಡಿದ್ದಳು.

ಇಂದು ಅವಳ ಬೆರಳು ಸುಮ್ಮನಿದ್ದವು. ಪೆನ್‌ಡ್ರೈವನ್ನು ಮೇಜಿನ ಮೇಲಿಟ್ಟಳು.

"ಅಮ್ಮ ಹೋಗೋ ಹಿಂದಿನ ದಿನ, ಶನಿವಾರ, ಬಂದಿದ್ದೆ. ಅಂಗಡಿ ಮುಚ್ಚಿತ್ತು."

"ಘಾಟಿ ಸುಬ್ರಹ್ಮಣ್ಯಕ್ಕೆ ಹೋಗಿದ್ದೆ."

ಹೋದದ್ದು ಅವಳು ತನಗೆ ಸಿಗಲೆಂದು ಬೇಡಿಕೊಳ್ಳಲು ಎಂದು ಅವನು ಹೇಳಲಿಲ್ಲ. ಬೇಡುವವನಿಗೆ ದೇವರು ಕಾಣುತ್ತಾನೆ. ಬಾಗಿಲಿಗೆ ಬಂದು ಹಿಂತಿರುಗಿದವರು ಕಾಣುವುದಿಲ್ಲ.

"ಸರಿಮಾಡಿಸ್ದೆ ಮನೆಗೆ ಹೋದೆ. ಅಮ್ಮ ಬಿಡ್ಲಿಲ್ಲ. ಎಂಗೈತೋ ಅಂಗೇ ಆಕು ಅಂದ್ಲು. ಬಿಳೀ ಚೌಕ ತೋರಿಸ್ತಾ ಹೆಸರು ಓದ್ದೆ. ಬಾವಿ ಅಂದ್ರೆ ಹೂಂ, ಚಿಕ್ಕಮ್ಮ ಅಂದ್ರೆ ಹೂಂ. ಕೊನೇದಕ್ಕೆ ಮಾತ್ರ, ಯಾರೇ ಅದು ಅಂತ ಕೇಳಿದ್ಲು." ಅವಳು ಸೆರಗಿನ ತುದಿ ಹಿಡಿದಳು. "ಸೋಮವಾರ ತೋರಿಸ್ತೀನಿ ಅಂದೆ. ಭಾನುವಾರ ಸಂಜೆ ಹೋಗ್ಬಿಟ್ಲು."

ಅವನು ಪೆನ್‌ಡ್ರೈವನ್ನು ಆಪಲ್ ಕಂಪ್ಯೂಟರಿಗೆ ಹಾಕಿದ. ಇಲ್ಲಿ ಚಿತ್ರಗಳೆಲ್ಲ ಇದ್ದವು. ಕೊನೆಯದರಲ್ಲಿ, ಇಪ್ಪತ್ತೆರಡನೆಯದರಲ್ಲಿ, ಕೀಬೋರ್ಡಿನ ಮೇಲೆ ಬಾಗಿ, ಕಿವಿಗೆ ಪೆನ್ನು ಸಿಕ್ಕಿಸಿಕೊಂಡು ಕೂತವನು ಅವನೇ. ಯಾವಾಗಲೋ ಅವಳು ಮೊಬೈಲಿನಲ್ಲಿ ತೆಗೆದದ್ದು. ಕೆಳಗೆ ಎರಡೇ ಪದ: 'ಅಮ್ಮ, ಇವರೇ.'

"ಬಾಯಲ್ಲಿ ಹೇಳ್ಬಹುದಿತ್ತಲ್ಲ..."

"ಹೇಳೋಕೆ ಬಂದಿದ್ರೆ ಚಿತ್ರ ಯಾಕೆ ಹಾಕ್ತಿದ್ದೆ?"

ಗೇಟಿನಲ್ಲಿ ರೈಲು ಹಾದುಹೋಯಿತು. ಅದು ಪೂರ್ತಿ ದಾಟುವವರೆಗೂ ಅವನು ಕಾದ. ಈಗ ಸುಮ್ಮನಿದ್ದರೆ ಅವಳು ತನ್ನವಳಾಗಬಹುದೆಂದು ಅವನಿಗೆ ಗೊತ್ತಿತ್ತು. ಸುಮ್ಮನಿರಲು ಆಗಲಿಲ್ಲ.

"ಮೊದಲನೇ ದಿನಾನೇ ನಿಮಗೆ ಚಿತ್ರ ಸರಿಮಾಡೋದನ್ನ ಕಲಿಸ್ಬಹುದಿತ್ತು. ಐದು ನಿಮಿಷದ ಕೆಲಸ. ಕಲಿಸಿದ್ರೆ ನೀವು ಮತ್ತೆ ಬರಲ್ವೇನೋ ಅಂತ ಕಲಿಸ್ಲಿಲ್ಲ."

ಅವಳು ಬಹಳ ಹೊತ್ತು ಪರದೆಯ ಮೇಲಿನ ಅವನನ್ನೇ ನೋಡಿದಳು, ಎದುರಿಗಿದ್ದವನನ್ನಲ್ಲ.

"ಬರೆದುಕೊಡಿ."

ಬರೆದುಕೊಟ್ಟ. ಫೋಟೋವನ್ನು ಎಳೆದು ತಂದು ಹಾಕಬಾರದು. ಎರಡೂ ಕಂಪ್ಯೂಟರ್‌ಗೆ ಅರ್ಥವಾಗುವ ಜೆಪೆಗ್ ಮಾಡಿಟ್ಟುಕೊಂಡು, ಇನ್ಸರ್ಟ್ ಮೆನುವಿನಿಂದ ಹಾಕಬೇಕು.

"ಇಷ್ಟೇನಾ?"

"ಇಷ್ಟೇ."

ಅವಳು ಚೀಟಿಯನ್ನು ಇನ್ನೊಮ್ಮೆ ಓದಿದಳು.

"ಕಲಿಸಿದ್ರೂ ಬರ್ತಿದ್ದೆ ಕಣ್ರೀ," ಎಂದಳು.

ಚೀಟಿಯನ್ನು ನಾಲ್ಕು ಮಡಿಕೆ ಮಾಡಿ ಚೀಲದೊಳಗಿಟ್ಟಳು. ಪೆನ್‌ಡ್ರೈವನ್ನು ಕಂಪ್ಯೂಟರಿನಿಂದ ಮೆಲ್ಲಗೆ ಬಿಡಿಸಿ, ಗಂಟಾಗಿದ್ದ ಹಳದಿ ದಾರವನ್ನು ನೀವಿ ನೇರ ಮಾಡಿದಳು. ಅವನ ಕೈ ಹಿಡಿದು, ಅಂಗೈ ಬಿಚ್ಚಿಸಿ, ಅದರೊಳಗಿಟ್ಟಳು.

"ನಿಮ್ಮದು. ಇನ್ನು ಬೇಕಾಗಲ್ಲ," ಎಂದಳು.